ಮಾಡು ಮಡಚುವ ಕಾರು

ಇಪ್ಪತ್ತಾರು ವರ್ಷ ವಿರಾಜಪೇಟೆಯ ಕಾನ್ವೆಂಟಿಗೆ
ವ್ಯಾನು ಓಡಿಸಿದವಳು ನಾನು.
ಬೆನ್ನ ಹಿಂದೆ ಸದಾ ಇಪ್ಪತ್ತೆರಡು ಮಕ್ಕಳು,
ಒಂದು ವಾಂತಿ, ಎರಡು ಜಗಳ,
ಯಾರದೋ ಬಿಟ್ಟುಹೋದ ಟಿಫಿನ್ನು.
ಮಂಗಳೂರಿನ ಹಲ್ಲಿನ ಡಾಕ್ಟರು ಶೆಡ್ಡಿನ ಷಟರ್ ಎತ್ತಿದಾಗ
ಬಣ್ಣ ಗಿಣ್ಣ ಆಮೇಲೆ ನೋಡಿದೆ.
ಮೊದಲು ಕಂಡದ್ದು,
ಹಿಂದೆ ಸೀಟೇ ಇರಲಿಲ್ಲ.

ಜರ್ಮನಿಯ ಗಾಡಿ. ಇಪ್ಪತ್ತಮೂರು ವರ್ಷ.
ಆರ್‌ಸಿ ಪುಸ್ತಕದಲ್ಲಿ ನಾನು ಐದನೆಯವಳು.
"ಆ ಗುಂಡಿ ಒತ್ತಿ" ಅಂದರು ಡಾಕ್ಟರು,
ಹಲ್ಲು ಕೀಳುವ ಮೊದಲಿನ ಮೆದು ದನಿಯಲ್ಲಿ.
ಒತ್ತಿದೆ. ಮಾಡು ನರಳಿತು, ಎದ್ದಿತು,
ಮೈ ಮಡಚಿ ಬೆನ್ನ ಹಿಂದೆ ಮಲಗಿತು
ಒಲೆ ಬದಿಯ ಬೆಕ್ಕಿನ ಹಾಗೆ.
ಮೂರು ವರ್ಷ ಮಾರದೆ ಕೂಡಿಟ್ಟ ಕರಿಮೆಣಸು
ಅಲ್ಲೇ, ಹನ್ನೆರಡು ಸೆಕೆಂಡಿನಲ್ಲಿ ಮಾರಿಹೋಯಿತು.

ಭಾವ ಉತ್ತಯ್ಯ ಕೋವಿ ಒರೆಸುತ್ತಾ ಇದ್ದವರು
ತಲೆ ಎತ್ತದೆ ಕೇಳಿದರು:
"ಇದರಲ್ಲಿ ಗೊಬ್ಬರದ ಮೂಟೆ ಎಲ್ಲಿ ಇಡ್ತೀಯ?"

ಗೋಣಿಕೊಪ್ಪದ ಮೊಯಿದು
ಜೀಪು, ಪಿಕಪ್ಪು, ಟಿಲ್ಲರು, ಎಲ್ಲದರ ಹೊಟ್ಟೆ ಬಲ್ಲವನು.
ಬಾನೆಟ್ಟು ಎತ್ತಿ ತುಂಬಾ ಹೊತ್ತು ಸುಮ್ಮನಿದ್ದ.
ಅಲ್ಲಿ ಎಂಜಿನ್ನೇ ಇಲ್ಲ,
ಒಂದು ಸ್ಪೇರ್ ಚಕ್ರ, ಒಂದು ಖಾಲಿ ತೊಟ್ಟಿ.
"ಬೋಜಕ್ಕ, ಇದು ನಿಮ್ಮ ಬೆನ್ನಿಗೆ ಎಂಜಿನ್ ಕಟ್ಟಿದ ಗಾಡಿ."
ಬೀಡಿ ಹಚ್ಚಿದ. ಆರಿಸಿದ.
"ನಮ್ಮದು ಮಳೆ ಊರು ಅಂತ ಅವರಿಗೆ ಹೇಳಿದ್ದಿರಾ?"

ಮಾಡಿನ ಎರಡು ಮೂಲೆಗೂ ತೂಬುಗಳಿವೆ,
ಕಿರುಬೆರಳೂ ಹೋಗದಷ್ಟು ಸಣ್ಣವು.
ಸಿಲ್ವರ್ ಓಕಿನ ಒಂದೇ ಒಂದು ಎಲೆ ಸಾಕು
ಕಾಲ ಬುಡದಲ್ಲಿ ನಾಟಿಗೆ ತಯಾರಾದ ಗದ್ದೆ.
ಡ್ರೈವರ್ ಸೀಟಿನ ಅಡಿಯಲ್ಲೇ ಗಾಡಿಯ ಮಿದುಳು,
ಅದು ನೆನೆದರೆ ಬೀಗದಕೈಯೇ ನಮ್ಮನ್ನು ಗುರುತಿಸುವುದಿಲ್ಲ.
ಆದ್ದರಿಂದ ಭಾನುವಾರಕ್ಕೊಮ್ಮೆ
ಕಳೆ ಹೊಡೆಯುವ ಮಿಷನ್ನಿನ ನೈಲಾನ್ ದಾರ ತೂರಿಸಿ
ಕೂಸಿನ ಕಿವಿಯಿಂದ ಗುಗ್ಗೆ ತೆಗೆದ ಹಾಗೆ, ಮೆಲ್ಲಗೆ.

ಹಿಂದಿನ ಕಿಟಕಿ ಪ್ಲಾಸ್ಟಿಕ್ಕು, ಪೊರೆ ಬಂದ ಕಣ್ಣು.
ಹಲ್ಲುಪುಡಿ ಹಾಕಿ ತಿಕ್ಕಿದೆ. ಡಾಕ್ಟರು ನೆನಪಾದರು.

ಜೂನಿನಲ್ಲಿ ಚರ್ಮದ ಸೀಟಿಗೆ ಬೂಷ್ಟು.
ಬೀರುವಿನ ಸೀರೆಗಳ ನಡುವೆ ಉರಿಯುತ್ತಿದ್ದ
ನಲವತ್ತು ವಾಟಿನ ಬಲ್ಬು ತೆಗೆದು
ಸ್ಟಿಯರಿಂಗಿನ ಕೆಳಗೆ ಇಳಿಬಿಟ್ಟೆ.
ನೂರಾ ಹತ್ತು ದಿನ ಅದು ಅಲ್ಲೇ ಉರಿಯಿತು.
ರಾತ್ರಿ ಎದ್ದು ನೋಡಿದರೆ ಶೆಡ್ಡಿನಲ್ಲಿ
ಯಾರೋ ಕೂತು ಓದುತ್ತಿರುವ ಹಾಗೆ.
ಸೀರೆಗಳು ಹಾಳಾದವು. ಹೋಗಲಿ.

ಕಾರ್ಪೆಟ್ಟು ಕಳಚಿ ಒಣಗಲು ಹಾಕಿದಾಗಲೆಲ್ಲ
ಒಂದು ಹಿಡಿ ಮರಳು ಉದುರುತ್ತದೆ,
ಬಿಳಿ ಮರಳು, ಚಿಪ್ಪಿನ ಚೂರು.
ನನಗಿಂತ ಮುಂಚಿನ ನಾಲ್ವರಲ್ಲಿ ಯಾರೋ
ಒದ್ದೆ ಕಾಲಿನಲ್ಲಿ ಹತ್ತಿದ್ದಾರೆ,
ಇಬ್ಬರು, ಎರಡೂ ಕಡೆಯಿಂದ.

ಮಾರ್ಚಿನಲ್ಲಿ ಮಾತ್ರ ಇಗ್ಗುತಪ್ಪನ ಮುಖ ನೋಡಲು ನಾಚಿಕೆ.
ಎರಡೂವರೆ ಎಕರೆ ರೋಬಸ್ಟಾ ಒಂದಿಂಚು ಹೂಮಳೆ ಕೇಳುತ್ತದೆ.
ನಾನೂ ಕೇಳುತ್ತೇನೆ, ಕೈಮುಗಿದು, ಜೋರಾಗಿ.
ಆಮೇಲೆ ಮೆಲ್ಲಗೆ: ಬರುವುದಾದರೆ ರಾತ್ರಿ ಬರಲಿ ಅಪ್ಪ,
ಹತ್ತು ಗಂಟೆ ದಾಟಿ.

ಈ ವರ್ಷ ಸಂಜೆ ನಾಲ್ಕಕ್ಕೇ ಬಂತು.
ಪೊನ್ನಂಪೇಟೆ ದಾಟಿ ಏರು ಹತ್ತುತ್ತಿದ್ದೆ, ಮಾಡು ಬಿಚ್ಚಿ,
ತಲೆಗೆ ವಸ್ತ್ರ ಕಟ್ಟಿ, ಮೂರನೇ ಗೇರಿನಲ್ಲಿ.
ಮೊದಲ ಹನಿ ಹಣೆಗೆ. ಎರಡನೆಯದು ಮೀಟರಿನ ಗಾಜಿಗೆ.
ಗುಂಡಿ ಒತ್ತಿದೆ. ಮಾಡು ಅರ್ಧ ಎದ್ದು
ಆಕಳಿಸಿದ ಬಾಯಿಯ ಹಾಗೆ ನಿಂತುಬಿಟ್ಟಿತು.
ಆಗ, ಯಾಕೋ ಗೊತ್ತಿಲ್ಲ, ಬಾಯಿ ತಾನಾಗಿ ಕೂಗಿತು:
"ಹಿಂದಿನವರೆಲ್ಲ ಕಿಟಕಿ ಹಾಕ್ರೋ!"

ಬೆನ್ನ ಹಿಂದೆ ಎಂಜಿನ್ನೊಂದೇ, ಗೊಣಗುತ್ತಾ ಏರು ಹತ್ತಿತು.
ಬಾಳೆಲೆ ಕಡೆಯ ಬಸ್ಸಿಗೆ ಕಾದವರು
ನನ್ನ ನೋಡಿ ತಮ್ಮ ಕೊಡೆ ಬಿಚ್ಚುವುದನ್ನೇ ಮರೆತರು.

ಮಂಗಳವಾರ ಮೊಯಿದು ಬಂದು ಪಂಪು ಬಿಚ್ಚಿದ,
ಬೈದ, ಕಾರ್ಪೆಟ್ಟು ಹಿಂಡಿದ.
ಅಂಗೈಯಲ್ಲಿ ಉಳಿದದ್ದನ್ನು ನನ್ನತ್ತ ಚಾಚಿ ಅಂದ:
"ನೋಡಿ, ಇನ್ನೂ ಇದೆ."