ಬರೀ ಮಾತಾಡಿದರೆ ಸಾಕು

ಬಲ್ಲಾಳ್ ಸರ್ಕಲ್‌ಗೆ ಟಿಕೆಟ್ ಕೇಳಲಾರೆ ನಾನು.
‘ಬ’ ತುಟಿಯವರೆಗೆ ಬಂದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆ,
ಕಂಡಕ್ಟರ್ ಮುಂದಿನ ಸೀಟಿಗೆ ಹೋಗಿಬಿಡುತ್ತಾನೆ.
ಅದಕ್ಕೇ ಅಗ್ರಹಾರ ಅನ್ನುತ್ತೇನೆ.
‘ಅ’ಗೆ ಬಾಗಿಲೇ ಇಲ್ಲ.
ಇಳಿದು, ಉಳಿದ ದಾರಿ ನಡೆಯುತ್ತೇನೆ.

ಆ ಭಾನುವಾರವೂ ಹಾಗೇ ನಡೆದೆ,
ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ.
ಅಲ್ಲಿ ನಾಲ್ಕು ಜನ ಮೇಜಿನ ಸುತ್ತ ಕೂತು
ಮೂರು ಗಂಟೆ ಬೇರೆ ಯಾರೋ ಆಗುತ್ತಾರಂತೆ.
ಅಶೋಕ ರಸ್ತೆಯ ಕನ್ನಡಕದಂಗಡಿಯ ಹಿಂಬದಿಯಲ್ಲಿ
ಗಾಜು ಉಜ್ಜುವವನು ನಾನು.
ಬೇರೆ ಯಾರಾದರೂ ಆಗಲಿ, ನಷ್ಟವೇನು?

ಕಥೆ ನಡೆಸುವವನು ಫಣೀಂದ್ರ.
ತಬಸ್ಸುಮ್, ಮಹದೇವಸ್ವಾಮಿ,
ಡಬ್ಬಿ ತುಂಬ ಚಕ್ಕುಲಿ ತಂದಿದ್ದ ಇಂಚರ.
“ಮೊದಲ ಸಲವಾ? ಹಾಗಾದ್ರೆ ನೀವೇ ಆರಿಸಿ,
ಇವತ್ತು ಯಾವ ರೂಲ್ಸಲ್ಲಿ ಆಡೋಣ?”

ಮೂರು ಪುಸ್ತಕ.
ಒಂದು, ಇಟ್ಟಿಗೆಯಷ್ಟು ದಪ್ಪ:
ಕತ್ತಿಗೊಂದು ಕೋಷ್ಟಕ, ಕತ್ತಲಿಗೊಂದು ಕೋಷ್ಟಕ,
ಕುದುರೆ ದಣಿಯುವುದಕ್ಕೆ ಅರ್ಧ ಪುಟ,
ಆರು ಮುಖ ಎಂಟು ಮುಖ ಇಪ್ಪತ್ತು ಮುಖದ ದಾಳಗಳು.
ಇನ್ನೊಂದರಲ್ಲಿ ಇಸ್ಪೀಟೆಲೆ ಎಳೆಯಬೇಕು,
ರಾಣಿ ಬಂದರೆ ನಿಮ್ಮ ಪಾತ್ರದ ಭಯ ಹೇಳಬೇಕು.
ಮೂರನೆಯದು ಎಂಟೇ ಹಾಳೆ, ಎರಡು ಪಿನ್ನು.
“ಹೊಸಬರಿಗೆ ಇದೇ ಸಲೀಸು,” ಅಂದಳು ತಬಸ್ಸುಮ್,
“ದಾಳ ಇಲ್ಲ, ಲೆಕ್ಕ ಇಲ್ಲ, ನೆನಪಿಡೋದು ಏನೂ ಇಲ್ಲ,
ಬರೀ ಮಾತಾಡಿದರೆ ಸಾಕು.”

ಬರೀ.

ಅಜ್ಜಿಯ ಜೊತೆ ಚೌಕಾಬಾರ ಆಡುವಾಗ
ಕವಡೆ ನಾಲ್ಕೂ ಮಗುಚಿ ಬಿದ್ದರೆ
ಎಲ್ಲರೂ ಬಾರಾ ಅಂತ ಕೂಗುತ್ತಿದ್ದರು,
ನಾನು ಎಂಟು ಬೆರಳು ತೋರಿಸುತ್ತಿದ್ದೆ.
ಅಜ್ಜಿ ಬೆರಳು ನೋಡಿ ಕಾಯಿ ನಡೆಸಲು ಬಿಡುತ್ತಿದ್ದಳು,
ಯಾಕೋ ಕೂಗಲಿಲ್ಲ ಅಂತ ಒಂದು ದಿನವೂ ಕೇಳಲಿಲ್ಲ.
ಕವಡೆ ಹೇಳಿಯಾಗಿತ್ತಲ್ಲ.

ನಾನು ದಪ್ಪ ಪುಸ್ತಕದ ಮೇಲೆ ಕೈ ಇಟ್ಟೆ.
“ಅಯ್ಯೋ, ಅದು ಕಷ್ಟ ಕಣ್ರೀ,” ಅಂದ ಮಹದೇವಸ್ವಾಮಿ,
“ನಂಗೇ ಆರು ತಿಂಗಳು ಹಿಡೀತು.”
ನಾನು ಕೈ ತೆಗೆಯಲಿಲ್ಲ.

ಹಾಳೆಯಲ್ಲಿ ಮೊದಲ ಗೆರೆ: ಹೆಸರು.
ಪಶುಪತಿ ಅಂತ ಕರೆದವರಿಗೇನು ಗೊತ್ತು,
ಒಂದೇ ಹೆಸರಲ್ಲಿ ಎರಡು ‘ಪ’ ಎಂಥ ಏರು ಅಂತ.
ಪೆನ್ನಿನಲ್ಲಿ ಬರೆದೆ: ಈರಯ್ಯ.
ಒಳಗೊಳಗೇ ಹೇಳಿಕೊಂಡೆ, ಎಲ್ಲೂ ಎಡವಲಿಲ್ಲ,
ಕಾಲುವೆಯ ನೀರಿನ ಹಾಗೆ ಹೋಯಿತು.

ಆಮೇಲೆ ಒಂದು ಗಂಟೆ ನಾನು ರಾಜ.
ಗೋಡೆ ಹತ್ತಬೇಕೇ? ದಾಳ.
ಕಾವಲುಗಾರನ ಕಣ್ಣು ತಪ್ಪಿಸಬೇಕೇ? ದಾಳ.
ಮುಚ್ಚಿದ ಬಾಗಿಲ ಮುಂದೆ ಇಪ್ಪತ್ತು ಮುಖದ್ದು ಉರುಳಿ
ಚಕ್ಕುಲಿ ಡಬ್ಬಿಗೆ ತಾಗಿ ನಿಂತಿತು.
“ಹದಿನೇಳು!” ನಾಲ್ವರೂ ಓದಿದರು.
ನಾನು ತುಟಿ ಬಿಚ್ಚದೆ ಬಾಗಿಲು ಬಿಚ್ಚಿಕೊಂಡಿತು.

“ಒಳಗೆ ಏನಿದೆ?” ಅಂದ ಫಣೀಂದ್ರ.
ಪುಸ್ತಕದ ಕಡೆ ನೋಡಿದೆ.
“ಅದರಲ್ಲಿಲ್ಲ. ಈ ಕೋಣೆ ನಿಮ್ದು, ನೀವೇ ಹೇಳಿ.”

ಕಂಡದ್ದು ಬಾವಿ.
ನೀರು ಅನ್ನಬಹುದಿತ್ತು, ಹಗ್ಗ ಅನ್ನಬಹುದಿತ್ತು,
ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದೇನೆ,
ಒಂದು ಮಾತು ಮೊದಲೇ ಇಳಿದು ನಡೆದುಬಿಡುವುದು.
ಆದರೆ ಅದು ನೀರಾಗಿರಲಿಲ್ಲ, ಹಗ್ಗವಾಗಿರಲಿಲ್ಲ,
ಪಾಚಿ ಹಿಡಿದ ಕಲ್ಲುಕಟ್ಟೆಯ ಬಾವಿ.
ಬ್, ಅಂದೆ.
ಬ್.

ಎದುರುಮನೆಯ ಕುಕ್ಕರ್ ಒಂದು ಸಲ ಕೂಗಿತು.
ಇಂಚರ ಅರ್ಧ ಕಚ್ಚಿದ ಚಕ್ಕುಲಿಯನ್ನು
ಸದ್ದಾಗದಂತೆ ಬಾಯಲ್ಲೇ ಇಟ್ಟುಕೊಂಡಿದ್ದಳು.
ಯಾರೂ ನನ್ನ ಮಾತು ಮುಗಿಸಿಕೊಡಲಿಲ್ಲ,
ಯಾರೂ ಫೋನು ತೆಗೆಯಲಿಲ್ಲ.
ಕುಕ್ಕರ್ ಇನ್ನೊಂದು ಸಲ ಕೂಗಿತು.

ಬಾವಿ.

“ಎಷ್ಟು ಆಳ?” ಅಂದ ಫಣೀಂದ್ರ,
ಏನೂ ಆಗದವನ ಹಾಗೆ. “ದಾಳ ಹಾಕಿ, ನೋಡೋಣ.”

ಪುಸ್ತಕ ಎರವಲು ತಂದು ರಾತ್ರಿ ಓದುತ್ತಿದ್ದೇನೆ.
ವಿಷಕ್ಕೆ ನಿಯಮವಿದೆ, ಹಸಿವಿಗಿದೆ,
ಬಿದ್ದವನನ್ನು ಎತ್ತಲು ಎಷ್ಟು ಹೊತ್ತು ಅನ್ನುವುದಕ್ಕಿದೆ.
ಎರಡು ಕುಕ್ಕರ್ ಕೂಗಿನಷ್ಟು ಕಾಯುವುದಕ್ಕೆ
ಇನ್ನೂ ಸಿಕ್ಕಿಲ್ಲ. ನೂರಾ ಹತ್ತು ಪುಟ ಉಳಿದಿವೆ.

ಮುಂದಿನ ಭಾನುವಾರವೂ
ಅಗ್ರಹಾರದಲ್ಲೇ ಇಳಿದೆ.