ಐದು ಚೌಕ

ಪೋರ್ತೊ ಪಕ್ಕದ ಮತೊಸಿನ್ಯೋಸ್, ಬಂದರಿನ ಹಿಂದಿನ ಬೀದಿ,
ಮೂರನೆಯ ಮಹಡಿ, ಲಿಫ್ಟ್ ಇಲ್ಲ.
ಬಾಗಿಲು ತೆರೆದವರು ದೋನಾ ದೆಯೊಲಿಂದಾ, ಎಂಬತ್ತಮೂರು.
ಏದುಸಿರು ಬಿಡುತ್ತಿದ್ದವಳು ನಾನು.

"ಕೂತ್ಕೋ ಮಗಳೇ, ನೀರು ಕುಡಿ, ಆಮೇಲೆ ಕೇಳು."

ಆರೋಗ್ಯ ಕೇಂದ್ರದ ಹಾಳೆ. ಮೊದಲ ಪ್ರಶ್ನೆ:
ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆಯೆಂದು ನಿಮಗನಿಸುತ್ತದೆ?
ಬಹಳ ಚೆನ್ನಾಗಿದೆ, ಚೆನ್ನಾಗಿದೆ, ಸುಮಾರು,
ಕೆಟ್ಟಿದೆ, ತೀರಾ ಕೆಟ್ಟಿದೆ.
ಒಂದಕ್ಕೆ ಮಾತ್ರ ಗುರುತು ಹಾಕಿ.

"ನಡೀತಾ ಇದೆ" ಅಂದರು.
ಆ ಚೌಕ ಇಲ್ಲ, ಅಂದೆ.
"ಇಲ್ದಿದ್ರೆ ಬರ್ಕೋ, ಬದಿಯಲ್ಲಿ ಜಾಗ ಇದೆಯಲ್ಲ."

ಅವರ ಕಡತ ನಾನು ಓದಿದ್ದೇನೆ:
ಹದಿನಾರು ವರ್ಷದ ಸಕ್ಕರೆ, ಬಲಗಣ್ಣಿಗೆ ಪೊರೆ,
ಸೊಂಟದಲ್ಲೊಂದು ಉಕ್ಕಿನ ಕೀಲು.
ಬೆರಳುಗಳ ವಿಷಯ ಕಡತದಲ್ಲಿಲ್ಲ.
ಡಬ್ಬಿ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ
ಬೂತಾಯಿ ತಲೆ ಚಿವುಟಿ ಚಿವುಟಿ
ಉಪ್ಪುನೀರಲ್ಲೇ ಸೊಟ್ಟಗಾದವು.

"ಬೆಳಿಗ್ಗೆ ಕೇಳಿದ್ರೆ ಕೆಟ್ಟಿದೆ ಅಂತಿದ್ದೆ.
ನಾನೆದ್ದು ಒಂದು ಗಂಟೆಗೆ ನನ್ನ ಮೊಣಕಾಲು ಏಳೋದು.
ಹನ್ನೊಂದಕ್ಕೆ ಮೀನಿನವಳ ಹತ್ರ ಜಗಳ ತೆಗೆದೆ,
ಎರಡು ಮೀನು ಹೆಚ್ಚಿಗೆ ಹಾಕಿದಳು.
ಆಗ ಬಹಳ ಚೆನ್ನಾಗಿತ್ತು.
ನೀನು ಯಾವ ಹೊತ್ತಿಂದು ಬರೀತೀಯ?"

ಕೆಳಗಿನ ಮನೆಯ ಝುಲ್ಮೀರಾ, ಅರವತ್ತೊಂಬತ್ತು,
ರಕ್ತ ಸರಿ, ಎದೆಬಡಿತ ಸರಿ, ಎಕ್ಸ್‌ರೇಯಲ್ಲಿ ಒಂದು ಮಚ್ಚೆಯಿಲ್ಲ,
ಪರದೆ ಸರಿಸದೆ ಅಂದಿದ್ದರು: ತೀರಾ ಕೆಟ್ಟಿದೆ.
ಯಾಕೆಂದು ಹಾಳೆಯಲ್ಲಿ ಪ್ರಶ್ನೆಯಿರಲಿಲ್ಲ.
ನಾನೂ ಕೇಳಲಿಲ್ಲ.

ಇದನ್ನು ಹೇಳಬಾರದಿತ್ತು. ಹೇಳಿಬಿಟ್ಟೆ.

ದೆಯೊಲಿಂದಾ ಮಾತಾಡಲಿಲ್ಲ.
ಗೋಡೆಗೆ ಒರಗಿದ್ದ ಕೋಲು ತೆಗೆದು
ನೆಲಕ್ಕೆ ಮೂರು ಸಲ ಕುಟ್ಟಿದರು.
ಕಾದೆವು.
ಒಲೆಯ ಮೇಲೆ ಎಲೆಕೋಸು ಕುದಿಯುತ್ತಿತ್ತು.
ಆಮೇಲೆ ಕೆಳಗಿನಿಂದ ಒಂದೇ ಒಂದು ಸಲ,
ಪೊರಕೆಯ ಹಿಡಿಯದಿರಬೇಕು, ಸದ್ದು.

"ಇದ್ದಾಳೆ.
ಸಂಜೆ ಸೂಪು ತಗೊಂಡು ಇಳೀತೀನಿ.
ಇಪ್ಪತ್ತೆರಡು ಮೆಟ್ಟಿಲು. ಎಣಿಸ್ಕೊಂಡು ಇಳಿದ್ರೆ ನೋಯಲ್ಲ."
ಸ್ವಲ್ಪ ತಡೆದು, "ನೋಯುತ್ತೆ" ಅಂದರು.
"ಈಗ ಹಾಕು. ಚೆನ್ನಾಗಿದೆ."

ಹಾಕಿದೆ.
ಬದಿಯ ಖಾಲಿ ಜಾಗದಲ್ಲಿ, ಸಣ್ಣಕ್ಷರದಲ್ಲಿ,
ನಡೀತಾ ಇದೆ ಅಂತಲೂ ಬರೆದೆ.
ಕಚೇರಿಯ ಕಂಪ್ಯೂಟರಿಗೆ ಬದಿಯದು ಓದಲು ಬಾರದು.

ಇಳಿಯುವಾಗ ಎಣಿಸಿದೆ, ಝುಲ್ಮೀರಾ ಬಾಗಿಲಿನ ತನಕ.
ಇಪ್ಪತ್ತನಾಲ್ಕು.