ಚೆಕ್ಕರ್

ಮೊದಲು ಎಚ್ಚರವಾಗುವುದು ನನಗೆ.
ಕೈಗಳಿಗೆ ಆಮೇಲೆ.
ಎಡಕ್ಕೆ ಯಾವ ಗಂಟೋ ಬಲಕ್ಕೂ ಅದೇ ಗಂಟು,
ಅವಳಿ ಮಕ್ಕಳಿಗೆ ಒಟ್ಟಿಗೆ ಜ್ವರ ಬಂದ ಹಾಗೆ.

ಬಾಂಗು ಆಗಿ,
ಹಾಲಿನ ರಿಕ್ಷಾ ತೊಕ್ಕೊಟ್ಟಿನ ಕಡೆ ಹೋಗಿ,
ಮೀನಿನವನ ಹಾರ್ನು ಎರಡು ಸಲ ಕೇಳಿದರೂ
ಮುಷ್ಟಿ ಮುಚ್ಚುವುದಿಲ್ಲ.
ಬಿಸಿನೀರಲ್ಲಿ ಅದ್ದಿ ಕೂರುತ್ತೇನೆ,
ಬೀಡಿ ಎಲೆ ನೆನೆಹಾಕಿದಂತೆ.
ಒಣ ಎಲೆ ಮಡಚಿದರೆ ಒಡೆಯುತ್ತದೆ.
ಅದು ನನಗೆ ಒಂಬತ್ತು ವರ್ಷಕ್ಕೇ ಗೊತ್ತು.

ಒಂದು ಕಾಲಕ್ಕೆ ದಿನಕ್ಕೆ ಸಾವಿರದಿನ್ನೂರು.
ಕಣ್ಣು ಟಿವಿಯಲ್ಲಿ, ಬಾಯಲ್ಲಿ ಊರ ಸುದ್ದಿ,
ಬೆರಳು ಅದರಷ್ಟಕ್ಕೆ ಅದು.
ಸಂಘದ ಸಾಲ, ಶಮಿತಾಳ ಪಿಯುಸಿ ಫೀಸು,
ಮನೆಯ ಮೇಲಿನ ಶೀಟು,
ಎಲ್ಲ ಈ ಹೆಬ್ಬೆರಳು ತೋರುಬೆರಳ ನಡುವೆ
ಸುರುಟಿ ಬಂದದ್ದು.

ಮೊದಲು ಹೇಳಿದ್ದು ಉಂಗುರ.
ಸೋಪಿಗೂ ಬರಲಿಲ್ಲ, ಎಣ್ಣೆಗೂ ಬರಲಿಲ್ಲ.
ಹಂಪನಕಟ್ಟೆಯ ಅಕ್ಕಸಾಲಿ ಕತ್ತರಿಸುತ್ತಾ
ಬಸುರಿಯಾ ಅಂತ ಕೇಳಿದ.
ನಲ್ವತ್ತೊಂದಕ್ಕೆ! ನಕ್ಕುಬಿಟ್ಟೆ.

ಬದನೆ ಬಿಡು ಅಂದರು, ಬಿಟ್ಟೆ.
ಬಸಳೆ ಬಿಡು ಅಂದರು, ಒಂದು ತಿಂಗಳು ಬಿಟ್ಟೆ,
ಗಂಟಿಗಿಂತ ನಾಲಗೆಗೇ ಹೆಚ್ಚು ನೋವಾಯಿತು.
ವಾತ ಮಾರಾಯ್ತಿ, ಚಳಿಗೆ ಬರುವುದು ಅಂದರು
ಮೇ ತಿಂಗಳ ಬೆವರಲ್ಲಿ.

ವೆನ್ಲಾಕಿನಲ್ಲಿ ಚೀಟಿ ಮಾಡಿಸಿ ಮಧ್ಯಾಹ್ನದವರೆಗೆ ಕೂತೆ.
ಸಣ್ಣ ಪ್ರಾಯದ ಡಾಕ್ಟ್ರು
ಚೀಟಿಯ ಹಿಂದೆ ಗಂಟಿನ ಚಿತ್ರ ಬಿಡಿಸಿದರು.
ಇದು ಸವೆದದ್ದಲ್ಲ ವಾರಿಜಕ್ಕ,
ಮೈ ಕಾಯುವ ಸೈನ್ಯವೇ ತಿರುಗಿ ಬಿದ್ದದ್ದು ಅಂದರು.
ಯುದ್ಧ ಅಂದರು, ಶತ್ರು ಅಂದರು.
ನಾನು ಯುದ್ಧ ಕಂಡವಳಲ್ಲ.
ಬ್ರಾಂಚು ಕಂಡವಳು.

ಅಲ್ಲಿ ಬೆಂಚಿನ ಆಚೆ ಚೆಕ್ಕರ್ ಕೂತಿರುತ್ತಾನೆ.
ಕಟ್ಟದಿಂದ ಒಂದು ಬೀಡಿ ಎಳೆದು, ಒತ್ತಿ ನೋಡಿ,
ಸರಿ ಇಲ್ಲದ್ದನ್ನು ಮುರಿದು ಬಿಸಾಡುತ್ತಾನೆ.
ಕೆಲವು ದಿನ ಸರಿ ಇದ್ದದ್ದನ್ನೂ.
ಅಂದರೆ ನನ್ನೊಳಗೂ ಒಬ್ಬ ಚೆಕ್ಕರ್,
ಅವನಿಗೆ ತಲೆ ತಿರುಗಿದೆ,
ನನ್ನದೇ ಗಂಟನ್ನು ಎತ್ತಿ ಹಿಡಿದು
ಇದು ನಮ್ಮ ಮಾಲಲ್ಲ ಅನ್ನುತ್ತಾನೆ.
ಹೌದಾ ಡಾಕ್ಟ್ರೇ?
ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.
ಹೌದು, ಅಂದರು.

ಬುಧವಾರ ರಾತ್ರಿ ಹಳದಿ ಮಾತ್ರೆ.
ವಾರಕ್ಕೆ ಒಂದೇ ದಿನ, ದಿನಾ ಅಲ್ಲ ಅಂತ
ನರ್ಸು ಕೆಂಪು ಪೆನ್ನಲ್ಲಿ ಮೂರು ಗೆರೆ ಎಳೆದಿದ್ದಾಳೆ.
ನೋವಿಗಲ್ಲ ಅದು,
ಚೆಕ್ಕರನಿಗೆ ತೂಕಡಿಕೆ ಬರಿಸಲಿಕ್ಕೆ.
ಗುರುವಾರ ಬೂತಾಯಿ ಸಾರಿನ ವಾಸನೆ ಆಗುವುದಿಲ್ಲ.
ಆಗಾಗ ರಕ್ತ ಕೊಡಬೇಕು, ಲಿವರ್ ಹೇಗುಂಟು ನೋಡಲಿಕ್ಕೆ.

ಪಕ್ಕದ ಮೈಮುನಾ ತನಗೊಂದು ನನಗೊಂದು
ಎರಡು ತೆಂಗಿನಕಾಯಿ ತುರಿಯುತ್ತಾಳೆ.
ಅವಳ ಬ್ಯಾಂಕಿನ ಫಾರಂ ನಾನು ತುಂಬಿಸುತ್ತಿದ್ದೆ,
ಈಗ ನಾನು ಹೇಳುತ್ತೇನೆ, ಅವಳೇ ಬರೆಯುತ್ತಾಳೆ,
ದೊಡ್ಡ ದೊಡ್ಡ ಅಕ್ಷರ, ಚೌಕದ ಹೊರಗೆ.

ಬಸ್ಸಿನಲ್ಲಿ ಕಂಬಿಗೆ ಮೊಣಕೈ ಸುತ್ತಿ ನಿಂತೆ.
ಸೀಟಿನ ಹುಡುಗಿ ನೋಡಿದಳು:
ತಲೆ ಕಪ್ಪು, ಮುಖದಲ್ಲಿ ಪೌಡರು,
ಕೋಲು ಇಲ್ಲ, ಪಟ್ಟಿ ಇಲ್ಲ.
ಏಳಲಿಲ್ಲ. ಅವಳ ತಪ್ಪೆಂತ?
ನೇತ್ರಾವತಿ ಸಂಕ ದಾಟುವವರೆಗೂ
ಅವಳ ಬೆರಳನ್ನೇ ನೋಡುತ್ತಿದ್ದೆ,
ಫೋನಿನ ಮೇಲೆ ಎಷ್ಟು ಚುರುಕು,
ಒಳ್ಳೆ ಬೀಡಿ ಕಟ್ಟುತ್ತಿದ್ದಳು.

ಈಗ ದಿನಕ್ಕೆ ಇನ್ನೂರೈವತ್ತು. ಕೆಲವು ದಿನ ಸೊನ್ನೆ.
ಸೊನ್ನೆಯ ದಿನ ತಡ್ಪೆ ಕವುಚಿ ಹಾಕಿ
ಅದರ ಮೇಲೆ ಕೈ ಇಟ್ಟು ಕೂರುತ್ತೇನೆ.
ನೂಲು ಸುತ್ತುವುದು ಶಮಿತಾ, ಮುಖ ಊದಿಸಿಕೊಂಡು.
ಅವಳನ್ನು ಇದಕ್ಕೆ ಕೂರಿಸಬಾರದು ಅಂತ
ಇಪ್ಪತ್ತು ವರ್ಷ ಕಟ್ಟಿದ್ದೆ.

ನಿನ್ನೆ ಬ್ರಾಂಚಿನಲ್ಲಿ ಏಳು ಮುರಿದ.
ಸಡಿಲ ಅಂದ.
ಸಡಿಲವೇ.
ಎಂಟನೆಯದನ್ನು ಎತ್ತಿದವನು, ಒತ್ತಲಿಲ್ಲ,
ನನ್ನ ಗೆಣ್ಣು ನೋಡಿದ,
ಕಟ್ಟದೊಳಗೆ ವಾಪಸು ತುರುಕಿದ.
ನನಗೆ ಸಿಟ್ಟು ಬಂತು. ಯಾಕೋ ಗೊತ್ತಿಲ್ಲ.

ಇವತ್ತು ಶುಕ್ರವಾರ.
ಮುಷ್ಟಿ ಮುಚ್ಚಲಿಕ್ಕೆ ನಲ್ವತ್ತು ನಿಮಿಷ.
ಕ್ಯಾಲೆಂಡರಿನಲ್ಲಿ ಬರೆದಿಟ್ಟೆ,
ಹಾಲಿನ ಲೆಕ್ಕದ ಕೆಳಗೆ.